ರಿಸರ್ವ್ ಯಾರ ಕೈಯಾಗ ಐತಿ?

1/8

ಇತಿಹಾಸ ಅಂದ ಕೂಡಲೇ ನಮ್ಮ ವಿಜಯಪುರ ಜಿಲ್ಲೆಯವರಿಗೆ ಗೋಳಗುಮ್ಮಟ ನೆನಪಾಗ್ತದೆ, ಬಸವನ ಬಾಗೇವಾಡಿ ನೆನಪಾಗ್ತದೆ. ಆದ್ರೆ ದಿನಾ ಕಣ್ಣಿಗೆ ಬೀಳೋ ವಸ್ತುವಿಗೂ ಒಂದು ಇತಿಹಾಸ ಇರ್ತದೆ. ಈ ಸಲದ ಸರಣಿ ಕಾರಿನ ಮೀಟರ್‌ನಲ್ಲಿ ಹತ್ತೋ ಒಂದು ಸಣ್ಣ ಹಳದಿ ದೀಪದ ಬಗ್ಗೆ. ಪೆಟ್ರೋಲ್ ಪಂಪಿನ ಚಿತ್ರ ಇರೋ ದೀಪ. ಅದು ಹತ್ತಿದ ತಕ್ಷಣ ನಮ್ಮ ಮುಳವಾಡದಾಗ ಯಾರೂ "ಇಂಧನ ಕಡಿಮೆಯಾಗಿದೆ" ಅನ್ನೋದಿಲ್ಲ. "ಗಾಡಿ ರಿಸರ್ವ್‌ಗೆ ಬಂತು" ಅಂತಾರೆ.

ಮಜಾ ಏನಂದ್ರೆ, ಈಗಿನ ಕಾರಿನಲ್ಲಿ ರಿಸರ್ವ್ ಅನ್ನೋ ಬೇರೆ ಟ್ಯಾಂಕ್ ಇಲ್ಲ. ತಿರುಗಿಸೋ ಕಾಕ್ ಕೂಡ ಇಲ್ಲ. ವಸ್ತು ಹೋಗಿದೆ, ಮಾತು ಉಳಿದಿದೆ.

ನಾನು ಓದ್ತಿರೋದು ಬಿಕಾಂ. ನಮ್ಮ ಅಕೌಂಟೆನ್ಸಿಯಲ್ಲೂ ಇದೇ ಶಬ್ದ ಬರ್ತದೆ. ಒಂದು ಕಂಪನಿಯ ಬ್ಯಾಲೆನ್ಸ್ ಶೀಟ್‌ನಲ್ಲಿ ರಿಸರ್ವ್ 5 ಲಕ್ಷ ಅಂತ ಬರೆದಿದ್ರೆ, 5 ಲಕ್ಷದ ನೋಟು ಎಲ್ಲೋ ತಿಜೋರಿಯಲ್ಲಿ ಕಟ್ಟಿಟ್ಟಿದ್ದಾರೆ ಅಂತ ಅರ್ಥ ಅಲ್ಲ. ಲಾಭದಲ್ಲಿ ಇಷ್ಟನ್ನ ಹಂಚೋದು ಬೇಡ ಅಂತ ತೆಗೆದುಕೊಂಡ ಒಂದು ತೀರ್ಮಾನ ಅದು, ಅಷ್ಟೇ. ಆ ದುಡ್ಡು ಮಷಿನ್ ಆಗಿರಬಹುದು, ಗೋಡೌನಿನ ಮಾಲು ಆಗಿರಬಹುದು.

ಗಾಡಿಯ ರಿಸರ್ವ್ ಕೂಡ ಹಂಗೇ. ಅದು ಹೆಚ್ಚಿನ ಎಣ್ಣಿ ಅಲ್ಲ. ಅದೇ ಟ್ಯಾಂಕಿನ ತಳದ ಎಣ್ಣಿ. ಇಲ್ಲಿಗೆ ನಿಲ್ಲು, ಯೋಚನೆ ಮಾಡು ಅಂತ ಯಾರೋ ಹಾಕಿದ ಒಂದು ಗೆರೆ.

ಹಂಗಾದ್ರೆ ಆ ಗೆರೆ ಹಾಕಿದ್ದು ಯಾರು? ಈ ಎಂಟು ಕ್ಯಾಪ್ಶನ್‌ಗಳಲ್ಲಿ ನೋಡೋದು ಅದನ್ನೇ. ಒಂದು ಕಾಲಕ್ಕೆ ಅದು ಗಾಡಿ ಹೊಡೆಯೋನ ಕೈಯಲ್ಲಿತ್ತು. ಅಲ್ಲಿಂದ ಎಲ್ಲೆಲ್ಲಿಗೆ ಹೋಯ್ತು, ನೋಡೋಣ ಬರ್ರಿ.

2/8: ಕೋಲು ಮತ್ತು ಕೂಪನ್

ಮೊದಲಿಗೆ ಇದ್ದದ್ದು ಒಂದು ಕೋಲು.

ಅಮೆರಿಕದ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು 1908ರಿಂದ 1927ರವರೆಗೆ ತಯಾರಾಯ್ತು. ಜಗತ್ತಿನಲ್ಲಿ ಜನಸಾಮಾನ್ಯರಿಗೆ ಕಾರು ತಲುಪಿಸಿದ ಮಾಡೆಲ್ ಅದು. ಅದರ ಟ್ಯಾಂಕ್ ಬಹಳ ವರ್ಷ ಮುಂದಿನ ಸೀಟಿನ ಕೆಳಗೇ ಇತ್ತು, ಮುಳ್ಳಿನ ಮೀಟರ್ ಇರಲಿಲ್ಲ. ಎಷ್ಟು ಪೆಟ್ರೋಲ್ ಉಳಿದಿದೆ ನೋಡಬೇಕಾದ್ರೆ ಇಳಿದು, ಸೀಟು ಎತ್ತಿ, ಮುಚ್ಚಳ ತೆಗೆದು, ಗೆರೆ ಹಾಕಿದ ಕೋಲು ಅದ್ದಿ ನೋಡಬೇಕು. ನಮ್ಮ ಮನೆಗಳಲ್ಲಿ ನೀರಿನ ಟಾಕಿಗೆ ಕೋಲು ಬಿಟ್ಟು ನೋಡ್ತಾರಲ್ಲ, ಥೇಟ್ ಹಂಗೇ.

ಆ ಕಾರಿನಲ್ಲಿ ಪೆಟ್ರೋಲ್ ಪಂಪೂ ಇರಲಿಲ್ಲ. ಎತ್ತರದ ಟ್ಯಾಂಕಿನಿಂದ ತಗ್ಗಿನ ಇಂಜಿನ್ನಿಗೆ ಎಣ್ಣಿ ತಾನೇ ಹರಿದು ಹೋಗ್ತಿತ್ತು. ಟ್ಯಾಂಕಿನಲ್ಲಿ ಎಣ್ಣಿ ಕಡಿಮೆ ಇದ್ದಾಗ ಕಡಿದಾದ ಏರು ಬಂದ್ರೆ ಇಂಜಿನ್ನೇ ಮೇಲೆ ಆಗ್ತಿತ್ತು, ಹರಿವು ನಿಲ್ತಿತ್ತು. ಅದಕ್ಕೆ ಜನ ಏನು ಮಾಡ್ತಿದ್ರು ಗೊತ್ತೇನು? ಕಾರನ್ನ ತಿರುಗಿಸಿ ರಿವರ್ಸ್ ಗೇರಿನಲ್ಲಿ ಗುಡ್ಡ ಹತ್ತಿಸ್ತಿದ್ರು.

ನಮ್ಮ ದೇಶದಲ್ಲಿ ಗಾಡಿ ಎಷ್ಟು ದೂರ ಹೋಗಬೇಕು ಅನ್ನೋದನ್ನ ಸರ್ಕಾರವೇ ಹೇಳಿದ ಕಾಲವೂ ಇತ್ತು. ಎರಡನೇ ಮಹಾಯುದ್ಧದ ನಡುವೆ, 1941ರಲ್ಲಿ, ಪೆಟ್ರೋಲ್ ರೇಷನ್ ಬಂತು. ಆಗ ನಮ್ಮ ಬಿಜಾಪುರ ಮುಂಬೈ ಪ್ರಾಂತ್ಯದಲ್ಲಿತ್ತು, ಬೆಂಗಳೂರು ಮೈಸೂರು ಸಂಸ್ಥಾನದಲ್ಲಿತ್ತು. ಪೆಟ್ರೋಲ್ ಸಿಗದ ಬಸ್ಸುಗಳ ಹಿಂದೆ ದೊಡ್ಡ ಡ್ರಮ್ ಕೂಡಿಸಿ, ಅದರಲ್ಲಿ ಇದ್ದಿಲು ಉರಿಸಿ, ಅದರಿಂದ ಬಂದ ಗ್ಯಾಸ್‌ನಿಂದ ಇಂಜಿನ್ ಓಡಿಸಿದ್ರು. ಪೆಟ್ರೋಲಿನಷ್ಟು ಕಸುವು ಆ ಗ್ಯಾಸಿಗೆ ಇರಲಿಲ್ಲ. "ಇದ್ದಿಲು ಬಸ್ಸು" ಅನ್ನೋ ಮಾತು ನಿಮ್ಮ ಮನೆಯ ಹಿರೇರ ಬಾಯಲ್ಲಿ ಕೇಳಿದ್ರೆ, ಅದು ಈ ಕಾಲದ್ದು.

3/8: ಕಾಕ್, ಅಥವಾ ಆಲಮಟ್ಟಿಯ ಲೆಕ್ಕ

"ರಿಸರ್ವ್" ಅನ್ನೋ ಶಬ್ದ ನಮ್ಮ ಹಳ್ಳಿಗೆ ಬಂದದ್ದು ಕಾರಿನಿಂದ ಅಲ್ಲ. ಸ್ಕೂಟರ್, ಮೋಟಾರ್ ಸೈಕಲ್‌ನಿಂದ. 1972ರಲ್ಲಿ ಬಂದ ಬಜಾಜ್ ಚೇತಕ್‌ನಿಂದ ಹಿಡಿದು ಹೀರೋ ಹೋಂಡಾ ಗಾಡಿಗಳವರೆಗೆ ಪೆಟ್ರೋಲ್ ಕಾಕ್‌ಗೆ ಮೂರು ಜಾಗ: ಆನ್, ಆಫ್, ರಿಸರ್ವ್.

ಅದು ಕೆಲಸ ಮಾಡೋ ರೀತಿ ಮುಳವಾಡದವರಿಗೆ ಹೇಳೋದು ಬಹಳ ಸುಲಭ. ನಮ್ಮ ಊರಿನ ಹೆಸರು ಹೊರಗಿನವರಿಗೆ ಗೊತ್ತಿರೋದೇ ಮುಳವಾಡ ಏತ ನೀರಾವರಿ ಯೋಜನೆಯಿಂದ. ಮಳೆಗಾಲದಲ್ಲಿ ಪೇಪರ್ ತೆಗೆದ್ರೆ ಆಲಮಟ್ಟಿ ಡ್ಯಾಮಿನ ಗರಿಷ್ಠ ಮಟ್ಟ 519.60 ಮೀಟರ್, ಸಾಮರ್ಥ್ಯ 123 ಟಿಎಂಸಿ ಅಂತ ಬರ್ತದೆ. ಬೇಸಿಗೆಯಲ್ಲಿ "ಡೆಡ್ ಸ್ಟೋರೇಜ್" ಅನ್ನೋ ಮಾತು ಬರ್ತದೆ. ಅಂದ್ರೆ ನೀರು ಇದೆ, ಆದ್ರೆ ನೀರು ಬಿಡೋ ತೂಬಿನ ಬಾಯಿಗಿಂತ ಕೆಳಗೆ ಇದೆ.

ಬೈಕಿನ ಟ್ಯಾಂಕಿನಲ್ಲೂ ಎರಡು ಬಾಯಿ. ಒಂದು ಕೊಳವೆ ಟ್ಯಾಂಕಿನ ಒಳಗೆ ಎತ್ತರಕ್ಕೆ ನಿಂತಿರ್ತದೆ. ಕಾಕ್ ಆನ್‌ನಲ್ಲಿದ್ದಾಗ ಎಣ್ಣಿ ಅದರಿಂದ ಇಳೀತದೆ. ಮಟ್ಟ ಆ ಕೊಳವೆಯ ತುದಿಗಿಂತ ಕೆಳಗೆ ಹೋದ್ರೆ ಗಾಡಿ ಜರ್ಕ್ ಹೊಡೀತದೆ. ಕೈ ಕೆಳಗೆ ಹಾಕಿ ಕಾಕ್ ತಿರುಗಿಸಿದ್ರೆ ತಳದ ಎರಡನೇ ಬಾಯಿ ತೆರೀತದೆ. ಡೆಡ್ ಸ್ಟೋರೇಜ್ ಬಳಕೆಗೆ ಬಂತು!

ಅದೂ ಮುಗಿದ್ರೆ ಗಾಡಿ ವಾಲಿಸೋದು. ಅದರ ಹಿಂದೆಯೂ ಒಂದು ಲೆಕ್ಕ ಇದೆ. ಬೈಕಿನ ಟ್ಯಾಂಕ್ ಫ್ರೇಮಿನ ಪೈಪಿನ ಮೇಲೆ ಕುದುರೆಯ ತಡಿಯ ಹಂಗೆ ಕೂತಿರ್ತದೆ. ಕಾಕ್ ಇರೋದು ಒಂದೇ ಕಡೆ. ಇನ್ನೊಂದು ಕಡೆ ಸಿಕ್ಕಿಬಿದ್ದ ಎಣ್ಣಿ ಇತ್ತ ದಾಟಬೇಕಾದ್ರೆ ಕಾಕ್ ಇರೋ ಕಡೆಗೆ ವಾಲಿಸಬೇಕು.

ಕಾರಿನಲ್ಲೂ ಇದು ಇತ್ತು. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ 1960ರ ದಶಕದ ಆರಂಭದವರೆಗೆ ಪೆಟ್ರೋಲ್ ಮೀಟರ್ ಬದಲು ಕಾಲಿನ ಹತ್ತಿರ ಒಂದು ರಿಸರ್ವ್ ಲಿವರ್ ಕೊಡ್ತಿದ್ರು.

ಈ ವ್ಯವಸ್ಥೆಯ ಗುಣ ಏನು? ಎಚ್ಚರಿಕೆ ಕೊಡೋದು ಗಾಡಿಯೇ, ಗೆರೆ ದಾಟೋದು ನಿಮ್ಮ ಕೈ. ರಿಸರ್ವ್‌ಗೆ ಹಾಕಿದ್ದು ನಿಮಗೆ ಗೊತ್ತೇ ಇರ್ತದೆ.

4/8: ಮುಳ್ಳು ಮತ್ತು ದೀಪ

ಕಾರಿನಲ್ಲಿ ಕೋಲಿನ ಜಾಗಕ್ಕೆ ಬಂದದ್ದು ಮುಳ್ಳು. ಟ್ಯಾಂಕಿನ ಒಳಗೆ ಒಂದು ತೇಲುಗುಂಡು, ಅದಕ್ಕೊಂದು ತಂತಿಯ ಕೈ. ಎಣ್ಣಿ ಏರಿದ್ರೆ ಗುಂಡು ಏರ್ತದೆ, ಇಳಿದ್ರೆ ಇಳೀತದೆ. ಆ ಕೈ ಒಂದು ವಿದ್ಯುತ್ ಪಟ್ಟಿಯ ಮೇಲೆ ಸರಿದಾಡಿದಾಗ ಕರೆಂಟ್ ಹೆಚ್ಚು ಕಡಿಮೆ ಆಗಿ ಮೀಟರಿನ ಮುಳ್ಳು ಸರೀತದೆ. ಮನೆಯ ನೀರಿನ ಟಾಕಿಯ ಬಾಲ್‌ಕಾಕ್ ನೋಡಿದ್ರೆ ಅರ್ಧ ಅರ್ಥ ಆದಂಗೆ.

ಗುಂಡು ತೇಲೋದು ಅಂದ ಮೇಲೆ ಅಲ್ಲಾಡಲೇಬೇಕು. ತಗ್ಗು ದಿಣ್ಣೆಯ ರಸ್ತೆಯಲ್ಲಿ ಎಣ್ಣಿ ಅತ್ತಿತ್ತ ಬಡೀತದೆ. ಅದಕ್ಕೆ ಹಳೆಯ ಮೀಟರುಗಳಲ್ಲಿ ಬಿಸಿಯಾದ್ರೆ ಬಾಗೋ ಎರಡು ಲೋಹದ ಪಟ್ಟಿ ಹಾಕಿ ಮುಳ್ಳು ಸಾವಕಾಶ ಸರಿಯೋ ಹಂಗೆ ಮಾಡಿದ್ರು. ಚಾವಿ ತಿರುಗಿಸಿದ ಮೇಲೆ ಹಳೆ ಕಾರಿನ ಮುಳ್ಳು ನಿಧಾನಕ್ಕೆ ಏಳ್ತಿದ್ದದ್ದು ಇದಕ್ಕೇ.

ಆಮೇಲೆ ದೀಪ ಬಂತು. ಬಹಳ ಕಾರುಗಳಲ್ಲಿ ಅದಕ್ಕೊಂದು ಚಂದದ ಉಪಾಯ ಇತ್ತು. ಟ್ಯಾಂಕಿನ ತಳದ ಹತ್ತಿರ ಥರ್ಮಿಸ್ಟರ್ ಅನ್ನೋ ಸಣ್ಣ ಭಾಗ ಇಡ್ತಿದ್ರು. ಎಣ್ಣಿಯಲ್ಲಿ ಮುಳುಗಿದ್ದಷ್ಟು ಹೊತ್ತು ಅದು ತಂಪು, ಕರೆಂಟ್ ಸಾಕಷ್ಟು ಹರಿಯೋದಿಲ್ಲ. ಎಣ್ಣಿ ಇಳಿದು ಅದು ಬಯಲಿಗೆ ಬಿದ್ರೆ ಬಿಸಿಯಾಗ್ತದೆ, ಕರೆಂಟ್ ಹೆಚ್ಚಾಗ್ತದೆ, ದೀಪ ಹತ್ತದೆ. ಈಗಿನ ಕಾರುಗಳಲ್ಲಿ ಹೆಚ್ಚಾಗಿ ತೇಲುಗುಂಡಿನ ಅಳತೆಯನ್ನ ಕಂಪ್ಯೂಟರ್ ಓದಿ ದೀಪ ಹಚ್ಚತದೆ. ಏರಿನಲ್ಲಿ ಹತ್ತಿದ ದೀಪ ಸಮತಟ್ಟಿಗೆ ಬಂದಾಗ ಆರಿದ್ರೆ ಗಾಬರಿ ಬೇಡ. ಎಣ್ಣಿ ಹೆಚ್ಚಾಗಿಲ್ಲ, ಟ್ಯಾಂಕ್ ನೆಟ್ಟಗಾಗಿದೆ.

ಇಲ್ಲಿ ಒಂದು ಬದಲಾವಣೆ ಸದ್ದಿಲ್ಲದೆ ಆಯ್ತು. ಕಾಕ್ ಇದ್ದಾಗ ಗಾಡಿ ನಿಲ್ತಿತ್ತು, ನೀವು ಏನಾದ್ರೂ ಮಾಡಲೇಬೇಕಿತ್ತು. ದೀಪ ಏನನ್ನೂ ನಿಲ್ಲಿಸೋದಿಲ್ಲ. ಹತ್ತದೆ, ಅಷ್ಟೇ. ನೋಡದೆ ಹೋಗಬಹುದು. ನೋಡಿಯೂ ಹೋಗಬಹುದು.

5/8: ಏರ್ ಹಿಡೀತು!

ಪೆಟ್ರೋಲ್ ಖಾಲಿಯಾದ್ರೆ ಬಾಟಲಿ ತಂದು ಸುರಿದು ಹೋಗಬಹುದು. ಹಳೆ ಡೀಸೆಲ್ ಗಾಡಿಯಲ್ಲಿ ಅಷ್ಟಕ್ಕೆ ಮುಗಿಯೋದಿಲ್ಲ. ಟ್ರ್ಯಾಕ್ಟರ್ ಹೊಡೆಯೋರಿಗೆ ಇದನ್ನ ಹೇಳಿಕೊಡೋ ಅಗತ್ಯ ಇಲ್ಲ. "ಎಣ್ಣಿ ಮುಗದು ಏರ್ ಹಿಡದೈತಿ" ಅಂದ್ರೆ ಸಾಕು, ಎದುರಿಗಿದ್ದೋನು ಪಾನಾ ತಗೊಂಡು ಬರ್ತಾನೆ.

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಒಂದು ಪಂಪ್ ಬಹಳ ಒತ್ತಡದಲ್ಲಿ ಡೀಸೆಲನ್ನ ಇಂಜಿನ್ನಿನೊಳಗೆ ಚಿಮ್ಮಿಸ್ತದೆ. ಡೀಸೆಲನ್ನ ಒತ್ತಿದ್ರೆ ಅದು ಕುಗ್ಗೋದಿಲ್ಲ, ಮುಂದಕ್ಕೆ ಹೋಗ್ತದೆ. ಗಾಳಿಯನ್ನ ಒತ್ತಿದ್ರೆ ಅದು ಕುಗ್ತದೆ. ಟ್ಯಾಂಕ್ ಬರಿದಾಗಿ ಪೈಪಿನಲ್ಲಿ ಗಾಳಿ ಸೇರಿದ್ರೆ ಪಂಪ್ ಎಷ್ಟು ತಿರುಗಿದ್ರೂ ಒತ್ತಡ ಏಳೋದಿಲ್ಲ. ಅದಕ್ಕೆ ಫಿಲ್ಟರ್ ಹತ್ತಿರದ ಬೋಲ್ಟ್ ಸಡಿಲ ಮಾಡಿ, ಕೈಪಂಪ್ ಒತ್ತಿ ಒತ್ತಿ, ಗುಳ್ಳೆ ನಿಂತು ಬರೀ ಡೀಸೆಲ್ ಬರೋವರೆಗೆ ಕಾಯಬೇಕು. ಆಮೇಲೆ ಬೋಲ್ಟ್ ಬಿಗಿ ಮಾಡಬೇಕು.

ಈ ಪಂಪಿಗೂ ಕರ್ನಾಟಕಕ್ಕೂ ಹಳೆಯ ನಂಟು. 1951ರಲ್ಲಿ ಜರ್ಮನಿಯ ಬಾಷ್ ಜೊತೆಗೂಡಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಶುರುವಾಯ್ತು. ಜನರ ಬಾಯಲ್ಲಿ ಮೈಕೋ. ಆಡುಗೋಡಿಯ ಆ ಫ್ಯಾಕ್ಟರಿಯಿಂದ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪ್ ದೇಶದ ಲಾರಿ, ಬಸ್ಸು, ಟ್ರ್ಯಾಕ್ಟರ್‌ಗಳಿಗೆ ಹೋದವು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಆಯ್ತು. ಆದ್ರೂ ಗ್ಯಾರೇಜಿನಲ್ಲಿ ಅದು ಇವತ್ತಿಗೂ ಮೈಕೋ ಪಂಪೇ.

ಈ ಏರ್ ತೆಗೆಯೋ ಕಷ್ಟ ನಮ್ಮ ಹಿರೇರಿಗೆ ಒಂದು ರೂಢಿ ಕಲಿಸಿತು. ಡೀಸೆಲ್ ಗಾಡಿಯನ್ನ ತಳ ಕಾಣೋವರೆಗೆ ಓಡಿಸಬಾರದು. ಯಾವ ದೀಪವೂ ಇಲ್ಲದೆ ಪಾಲಿಸಿದ ಗೆರೆ ಅದು.

6/8: ಮುಳ್ಳಿನ ಜಾಗಕ್ಕೆ ಕಿಲೋಮೀಟರ್

1983ರ ಡಿಸೆಂಬರ್‌ನಲ್ಲಿ ಮಾರುತಿ 800 ರಸ್ತೆಗೆ ಬಂದಾಗ ಅದರಲ್ಲಿದ್ದದ್ದು ಕಾರ್ಬುರೇಟರ್. 2000ದ ಸುಮಾರಿಗೆ ಹೊಗೆ ನಿಯಮ ಬಿಗಿಯಾದಂಗೆ ಪೆಟ್ರೋಲ್ ಕಾರುಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಬೈಕುಗಳಿಗೆ ಆ ಸರದಿ ಬಂದದ್ದು 2020ರ ಏಪ್ರಿಲ್ 1ಕ್ಕೆ, ಬಿಎಸ್-6 ನಿಯಮದ ಜೊತೆ. ಬಹುತೇಕ ಹೊಸ ಬೈಕುಗಳಲ್ಲಿ ಇಂಜೆಕ್ಷನ್ ಬಂತು, ರಿಸರ್ವ್ ಕಾಕ್ ಹೋಯ್ತು. ಅಂದ್ರೆ ನಮ್ಮ ವಯಸ್ಸಿನೋರು ಕಾಕ್ ತಿರುಗಿಸಿದ ಕೊನೆಯ ತಲೆಮಾರು ಆಗಬಹುದು.

ಇಂಜೆಕ್ಷನ್ ಗಾಡಿಯಲ್ಲಿ ಕರೆಂಟಿನ ಪಂಪ್ ಸಾಮಾನ್ಯವಾಗಿ ಟ್ಯಾಂಕಿನ ಒಳಗೇ ಮುಳುಗಿರ್ತದೆ. ಸುತ್ತಲಿನ ಎಣ್ಣಿಯೇ ಅದನ್ನ ತಂಪಾಗಿಡ್ತದೆ. ನಮ್ಮ ಬೋರ್‌ವೆಲ್ ಸಬ್‌ಮರ್ಸಿಬಲ್ ಮೋಟಾರ್ ನೀರಿಲ್ಲದೆ ಓಡಿದ್ರೆ ಸುಡ್ತದಲ್ಲ, ಲೆಕ್ಕ ಅದೇ. ದಿನಾ ತಳದಲ್ಲೇ ಓಡಿಸಿದ್ರೆ ಪಂಪಿನ ಆಯುಷ್ಯ ಕಡಿಮೆ. ಹಳೆ ಸ್ಕೂಟರಿಗೆ ರಿಸರ್ವ್ ಅಂದ್ರೆ ಹೋಗೋ ಅನುಮತಿ ಇದ್ದಂಗೆ. ಹೊಸ ಕಾರಿಗೆ ಅದು ಖರ್ಚಿನ ಶುರು.

ಜೊತೆಗೆ ಬಂದದ್ದು ಇನ್ನೊಂದು: "ಇನ್ನು 82 ಕಿ.ಮೀ. ಹೋಗಬಹುದು" ಅನ್ನೋ ಅಂಕಿ. ಇದು ಅಳತೆ ಅಲ್ಲ, ಅಂದಾಜು. ಉಳಿದ ಲೀಟರ್ ಗುಣಿಸು ಇತ್ತೀಚಿನ ಮೈಲೇಜ್. 5 ಲೀಟರ್ ಉಳಿದಿದೆ ಅಂತ ಇಟ್ಕೊಳ್ರಿ. ಹೈವೇಯಲ್ಲಿ ಲೀಟರಿಗೆ 20 ಬಂದಿದ್ರೆ ಪರದೆ 100 ಅಂತದೆ. ಅಲ್ಲಿಂದ ಎಸಿ ಹಾಕ್ಕೊಂಡು ಸಿಟಿಯ ಟ್ರಾಫಿಕ್‌ಗೆ ಬಿದ್ರಿ, ಅಥವಾ ಮಳೆಗಾಲದ ಎರಿ ಹೊಲದ ದಾರಿಗೆ ಇಳಿದ್ರಿ. ಮೈಲೇಜ್ 12ಕ್ಕೆ ಬಿತ್ತು. ಅದೇ 5 ಲೀಟರ್ ಈಗ 60 ಕಿ.ಮೀ. ಎಣ್ಣಿ ಕದ್ದವರು ಯಾರೂ ಇಲ್ಲ. ಗಾಡಿ ನಿನ್ನೆಯ ರಸ್ತೆ ನೋಡಿ ನಾಳೆಯ ದಾರಿ ಹೇಳಿತ್ತು, ಅಷ್ಟೇ. ಹಿಂದಿನ ಮೂರು ತಿಂಗಳ ವ್ಯಾಪಾರ ನೋಡಿ ಮುಂದಿನ ತಿಂಗಳ ಬಜೆಟ್ ಹಾಕಿದಂಗೆ.

ಅಂಕಿ ಸೊನ್ನೆಯಾದ ಮೇಲೂ ಎಷ್ಟೋ ಕಾರು ಓಡ್ತಾವೆ. ಎಷ್ಟು ದೂರ ಅನ್ನೋದು ಮಾಡೆಲ್‌ಗೆ ಒಂದೊಂದು. ಗೆರೆ ಎಲ್ಲಿದೆ ಅಂತ ಈಗ ಗೊತ್ತಿರೋದು ಪ್ರೋಗ್ರಾಂ ಬರೆದೋನಿಗೆ.

7/8: ಎಸ್‌ಎಂಎಸ್ ಮಾಡಿದ್ರೆ ರಿಸರ್ವ್

ಈ ಕಥೆಯ ದೊಡ್ಡ ತಿರುವು ನಡೆದದ್ದು ಅಮೆರಿಕದಲ್ಲಿ ಅಲ್ಲ, ನಮ್ಮ ಬೆಂಗಳೂರಿನಲ್ಲಿ.

ಮೈನಿ ಗ್ರೂಪ್ ಮತ್ತು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿ ಸೇರಿ 1994ರಲ್ಲಿ ರೇವಾ ಕಂಪನಿ ಕಟ್ಟಿದ್ವು. ಚೇತನ್ ಮೈನಿ ಅವರ ಮುಂದಾಳತ್ವದಲ್ಲಿ 2001ರಲ್ಲಿ ರೇವಾ ಎಲೆಕ್ಟ್ರಿಕ್ ಕಾರು ಮಾರಾಟಕ್ಕೆ ಬಂತು. ಎರಡು ಬಾಗಿಲಿನ ಪುಟ್ಟ ಕಾರು. ಒಂದು ಚಾರ್ಜಿಗೆ ಸುಮಾರು 80 ಕಿ.ಮೀ. ಅಂತ ಕಂಪನಿ ಹೇಳ್ತಿತ್ತು. ಲಂಡನ್ನಿನ ಬೀದಿಗಳಲ್ಲಿ ಅದು ಜಿ-ವಿಜ್ ಅನ್ನೋ ಹೆಸರಲ್ಲಿ ಓಡಿತು.

80 ಕಿ.ಮೀ. ಕಾರಿನ ಮಾಲೀಕರ ಭಯ ಒಂದೇ: ನಡುದಾರಿಯಲ್ಲಿ ನಿಂತ್ರೆ? ಬಾಟಲಿಯಲ್ಲಿ ಕರೆಂಟ್ ತರೋಕೆ ಆಗೋದಿಲ್ಲ. 2009ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಮೋಟಾರ್ ಶೋದಲ್ಲಿ ರೇವಾ ಒಂದು ಉತ್ತರ ತೋರಿಸಿತು. ಹೆಸರು ರಿವೈವ್. ಚಾರ್ಜ್ ಮುಗಿದ್ರೆ ಚಾಲಕ ಕಂಪನಿಯ ಕೇಂದ್ರಕ್ಕೆ ಫೋನ್ ಅಥವಾ ಎಸ್‌ಎಂಎಸ್ ಮಾಡಬೇಕು. ಅವರು ದೂರದಿಂದಲೇ ಬ್ಯಾಟರಿಯ ಸ್ಥಿತಿ ನೋಡಿ, ತಳದಲ್ಲಿ ಉಳಿಸಿಟ್ಟ ಚಾರ್ಜನ್ನ ಬಿಡ್ತಾರೆ. ಇನ್ನಷ್ಟು ಕಿಲೋಮೀಟರ್ ಸಿಗ್ತದೆ. ಕಣ್ಣಿಗೆ ಕಾಣದ ರಿಸರ್ವ್ ಟ್ಯಾಂಕ್! 2010ರಲ್ಲಿ ಮಹೀಂದ್ರಾ ರೇವಾ ಕಂಪನಿಯನ್ನ ಕೊಂಡಿತು. 2013ರಲ್ಲಿ ಬಂದ ಇ2ಒ ಕಾರಿನಲ್ಲೂ ರಿವೈವ್ ಇತ್ತು.

ಚೇತಕ್‌ನ ಕಾಕ್ ಮತ್ತು ರೇವಾದ ಎಸ್‌ಎಂಎಸ್, ಎರಡೂ ಮಾಡೋ ಕೆಲಸ ಒಂದೇ. ತಳದಲ್ಲಿರೋದನ್ನ ಬಿಡೋದು. ವ್ಯತ್ಯಾಸ ಒಂದೇ, ಕಾಕ್ ತಿರುಗಿಸೋ ಕೈ ಈಗ ಬೇರೆ ಊರಿನ ಆಫೀಸಿನಲ್ಲಿದೆ.

ಇದು ಎಲ್ಲಿಗೆ ಹೋಗಬಹುದು ಅನ್ನೋದು 2017ರ ಸೆಪ್ಟೆಂಬರ್‌ನಲ್ಲಿ ಕಂಡಿತು. ಅಮೆರಿಕದ ಫ್ಲೋರಿಡಾಕ್ಕೆ ಇರ್ಮಾ ಚಂಡಮಾರುತ ಬಂದಾಗ ಜನ ಊರು ಬಿಟ್ಟು ಓಡ್ತಿದ್ರು. ಟೆಸ್ಲಾ ಕಂಪನಿ ಕೆಲವು ಕಾರುಗಳನ್ನ 60 ಕಿಲೋವ್ಯಾಟ್ ಅವರ್ ಅಂತ ಮಾರಿತ್ತು. ಒಳಗಿದ್ದ ಬ್ಯಾಟರಿ 75ರದ್ದು, ಸಾಫ್ಟ್‌ವೇರ್‌ನಿಂದ ಗೆರೆ ಹಾಕಿದ್ದರು. ಆ ದಿನಗಳ ಮಟ್ಟಿಗೆ ದೂರದಿಂದಲೇ ಆ ಗೆರೆ ತೆಗೆದ್ರು. ಜನರಿಗೆ ಉಪಕಾರ ಆಯ್ತು, ಅದು ಖರೆ. ಆದ್ರೆ ತಮ್ಮ ಕಾರಿನಲ್ಲಿ ಇನ್ನಷ್ಟು ದೂರ ಅಡಗಿ ಕೂತಿತ್ತು ಅನ್ನೋದೂ ಕಣ್ಣಿಗೆ ಕಂಡಿತು.

8/8: ನೂರು ರೂಪಾಯಿ ಲೆಕ್ಕ

ಕಡೆಗೆ ನಮ್ಮ ಊರಿಗೆ ಬರೋಣ.

"ದೀಪ ಹತ್ತೋವರೆಗೆ ಯಾಕ್ ಓಡಸ್ತೀರಿ, ಫುಲ್ ಟ್ಯಾಂಕ್ ಮಾಡಸ್ರಿ" ಅಂತ ಸಲಹೆ ಕೊಡೋದು ಸುಲಭ. 37 ಲೀಟರ್ ಟ್ಯಾಂಕಿನ ಸ್ವಿಫ್ಟ್ ತುಂಬಿಸಿದ್ರೆ 3,700 ರೂಪಾಯಿ ದಾಟ್ತದೆ. ಬಿಕಾಂ ಭಾಷೆಯಲ್ಲಿ ಅದು ಟ್ಯಾಂಕಿನಲ್ಲಿ ಸಿಕ್ಕಿಬಿದ್ದ ದುಡಿಯೋ ಬಂಡವಾಳ. ಬಾಡಿಗೆ ಗಾಡಿ ಓಡಿಸೋನಿಗೆ ದುಡ್ಡು ಸಿಗೋದು ಟ್ರಿಪ್ ಮುಗಿದ ಮೇಲೆ. ಎಣ್ಣಿ ಬೇಕಾಗೋದು ಮೊದಲು. ಬೈಕಿನೋನು 100ರ ನೋಟು ಕೊಡ್ತಾನೆ, ಅದಕ್ಕೆ ಈಗ ಒಂದು ಲೀಟರೂ ಪೂರ್ತಿ ಬರೋದಿಲ್ಲ. ಅವರು ದೀಪದ ಜೊತೆ ಓಡಾಡೋದು ಬೇಪರ್ವಾಯಿಯಿಂದ ಅಲ್ಲ. ಕಿಸೆಯ ರಿಸರ್ವ್ ಹತ್ತಿದೋರ ಗಾಡಿಯ ರಿಸರ್ವ್ ಆರೋದು ಹೆಂಗೆ?

ಆದ್ರೆ ಇದಕ್ಕೆ ಇನ್ನೊಂದು ಮುಖ ಇದೆ. ಹಳ್ಳಿಯಲ್ಲಿ ರಾತ್ರಿ ಹೆರಿಗೆ ನೋವು ಬಂತು, ಯಾರಿಗೋ ಹಾವು ಕಡೀತು. ಆಂಬ್ಯುಲೆನ್ಸ್ ತಡ ಅಂದ್ರೆ ಓಣಿಯ ಕಾರಿನ ಬಾಗಿಲು ಬಡೀತಾರೆ. "ವಿಜಯಪುರಕ್ಕ ಹೋಗಬೇಕ್ರೀ ಅಣ್ಣಾ" ಅಂದ್ರೆ ಅವನ ಮೊದಲ ಯೋಚನೆ ಚಾವಿ ಅಲ್ಲ, ಎಣ್ಣಿ. ಆ ಹೊತ್ತಿಗೆ ಪರದೆಯ ಅಂಕಿ ಇಡೀ ಓಣಿಯ ಪ್ರಶ್ನೆ ಆಗ್ತದೆ. ಅಂಗಡಿಯ ಬಾಟಲಿ ಪೆಟ್ರೋಲ್ ಇದಕ್ಕೆ ಉತ್ತರ ಅಲ್ಲ. ಲೈಸೆನ್ಸ್ ಇಲ್ಲದೆ ಮಾರೋದು ಕಾನೂನಿಗೆ ವಿರುದ್ಧ, ಮನೆಯಲ್ಲಿ ಬೆಂಕಿಯ ಭಯ ಬೇರೆ.

ಅದಕ್ಕೆ ನನ್ನ ಮಾತು ಇಷ್ಟೇ. ಫುಲ್ ಟ್ಯಾಂಕ್ ಎಲ್ಲರಿಗೂ ಆಗೋದಿಲ್ಲ. ಗೆರೆ ಮಾತ್ರ ಎಲ್ಲರೂ ಹಾಕ್ಕೊಬಹುದು. ಕಂಪನಿಯ ದೀಪ ಕಾಯಬೇಡ್ರಿ. ನಿಮ್ಮ ಮನೆಯಿಂದ ದೊಡ್ಡ ದವಾಖಾನೆಗೆ ಹೋಗಿ ಬರೋಕೆ, ಮಳೆಗಾಲದ ಮೈಲೇಜ್ ಹಿಡಿದು, ಎಷ್ಟು ಲೀಟರ್ ಬೇಕು ಲೆಕ್ಕ ಹಾಕ್ರಿ. ಮೀಟರಿನ ಮುಳ್ಳು ಅಥವಾ ಕಡ್ಡಿ ಎಲ್ಲಿದ್ರೆ ಅಷ್ಟು ಇರ್ತದೆ ಅಂತ ಒಂದು ಸಲ ನೋಡಿಟ್ಕೊಳ್ರಿ. ರಾತ್ರಿ ಗಾಡಿ ನಿಲ್ಲಿಸುವಾಗ ಅದರ ಕೆಳಗೆ ಇಳಿಯದಂಗೆ ನೋಡ್ಕೊಳ್ರಿ. ಹಾಕೋ 100 ರೂಪಾಯಿಯನ್ನ ತಳದಿಂದ ಹಾಕಿದ್ರೂ ಅಷ್ಟೇ, ಆ ಗೆರೆಯಿಂದ ಮೇಲೆ ಹಾಕಿದ್ರೂ ಅಷ್ಟೇ. ಖರ್ಚು ಒಂದೇ. ಒಂದು ಸಲ ಗೆರೆಯ ಮಟ್ಟಕ್ಕೆ ತುಂಬಿಸೋದು ಮಾತ್ರ ಹೊಸ ಖರ್ಚು.

ಕಾಕ್ ಹೋಯ್ತು ಅಂತ ರಿಸರ್ವ್ ಬೇರೆಯವರ ಕೈಗೆ ಪೂರ್ತಿ ಕೊಡಬೇಕಾಗಿಲ್ಲ.

ನಿಮ್ಮ ಮನೆಯಲ್ಲಿ ಹಳೆ ಚೇತಕ್, ರಾಜದೂತ್, ಟ್ರ್ಯಾಕ್ಟರ್ ಇದ್ರೆ ಅದರ ಕಾಕ್ ಅಥವಾ ಕೈಪಂಪಿನ ಫೋಟೊ ತೆಗೆದು ಕಳಿಸ್ರಿ. ಇದ್ದಿಲು ಬಸ್ ಹತ್ತಿದ ಅಜ್ಜ ಅಮ್ಮ ಇನ್ನೂ ಇದ್ರೆ ಅವರ ಮಾತು ಕೇಳಿ ಬರೆದು ಕಳಿಸ್ರಿ. ಮುಂದಿನ ಸರಣಿಗೆ ಹಾಕ್ತೀನಿ.

#ಮುಳವಾಡ #ವಿಜಯಪುರ #ದಿನಬಳಕೆಯ_ಇತಿಹಾಸ #ರಿಸರ್ವ್